ನಗುವುದೇ ಅಪರೂಪವಾದ ದೇಶ ಸುಖದ ಪಟ್ಟಿಯಲ್ಲಿ ಮೊದಲನೆಯದು ಹೇಗಾಯಿತು?

ಪ್ರಶ್ನೆ: ನನ್ನ ಮಗ ಮೂರು ವರ್ಷದಿಂದ ಫಿನ್ಲೆಂಡಿನ ಎಸ್ಪೋ ನಗರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಪಕ್ಕದ ಮನೆಯವರ ಹೆಸರು ಅವನಿಗೆ ಇನ್ನೂ ಗೊತ್ತಿಲ್ಲ. ಬಸ್ಸಿಗೆ ಕಾಯುವವರು ಒಬ್ಬರಿಗೊಬ್ಬರು ಮಾರು ದೂರ ನಿಲ್ಲುತ್ತಾರಂತೆ. ಮಾತಿಲ್ಲ, ನಗುವಿಲ್ಲ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲೆ. ಆದರೂ 2025ರ ಪಟ್ಟಿಯಲ್ಲಿ ಆ ದೇಶವೇ ಜಗತ್ತಿನಲ್ಲಿ ಅತ್ಯಂತ ಸುಖಿ, ನಾವು 118ನೆಯವರು, ಪಾಕಿಸ್ತಾನ ನಮಗಿಂತ ಮೇಲೆ. ಈ ಲೆಕ್ಕ ಹಾಕುವವರು ಯಾರು? ಹಬ್ಬಹರಿದಿನ, ನೆಂಟರಿಷ್ಟರು ತುಂಬಿರುವ ನಮ್ಮ ಬದುಕು ಅಷ್ಟೊಂದು ದುಃಖದ್ದೇ? ಮುಂದಿನ ವರ್ಷ ನಾನೂ ಮನೆಯವರೂ ಮೂರು ತಿಂಗಳು ಅಲ್ಲಿಗೆ ಹೋಗಬೇಕೆಂದಿದ್ದೇವೆ. ಯಾವ ಕಾಲ ಒಳ್ಳೆಯದು?
(ನಿವೃತ್ತ ಮುಖ್ಯೋಪಾಧ್ಯಾಯರು, ಸಾಗರ)

ಉತ್ತರ: ಮೇಷ್ಟ್ರೇ, ನಿಮ್ಮ ಮಗ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅರ್ಥಶಾಸ್ತ್ರ ಕಲಿಸುವ ಕೆಲಸದ ನೆವದಲ್ಲಿ ನಾನೂ ಒಂದು ಚಳಿಗಾಲವನ್ನು ಅಲ್ಲಿನ ಟಾಂಪೆರೆ ನಗರದಲ್ಲಿ ಕಳೆದವನು. ಐದು ತಿಂಗಳಲ್ಲಿ ಲಿಫ್ಟಿನೊಳಗೆ ನನ್ನನ್ನು ಮಾತನಾಡಿಸಿದವರು ಇಬ್ಬರೇ. ಅವರಲ್ಲೊಬ್ಬರು ಹೇಳಿದ್ದು ನನ್ನ ಷೂ ದಾರ ಬಿಚ್ಚಿಕೊಂಡಿದೆ ಎಂದು. ಇಂಥವರು ಸುಖದಲ್ಲಿ ಮೊದಲಿಗರು ಎಂಬ ಸುದ್ದಿ ಓದಿದಾಗ ನನಗೂ ನಗು ಬಂದಿತ್ತು. ಲೆಕ್ಕವನ್ನು ಹೇಗೆ ಹಾಕುತ್ತಾರೆಂದು ಕೆದಕಿ ನೋಡಿದ ಮೇಲೆ ಆ ನಗು ಇಳಿಯಿತು.

ವಿಶ್ವ ಸಂತೋಷ ವರದಿ ಎಂಬ ಈ ಪ್ರಕಟಣೆ ಶುರುವಾದದ್ದು 2012ರಲ್ಲಿ. 2018ರಿಂದ 2025ರವರೆಗೆ ಸತತ ಎಂಟು ಸಲ ಫಿನ್ಲೆಂಡ್ ಮೊದಲ ಸ್ಥಾನದಲ್ಲಿದೆ. ತಮಾಷೆಯೆಂದರೆ, ವರದಿಯ ಹೆಸರಿನಲ್ಲಿ ಸಂತೋಷವಿದ್ದರೂ ಸ್ಥಾನ ನಿರ್ಧರಿಸುವ ಪ್ರಶ್ನೆಯಲ್ಲಿ ಆ ಪದವೇ ಇಲ್ಲ. ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯವರು ಒಂದೊಂದು ದೇಶದಲ್ಲೂ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಕೇಳುವುದು ಇಷ್ಟು: ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಒಂದು ಏಣಿಯನ್ನು ಕಲ್ಪಿಸಿಕೊಳ್ಳಿ. ತುದಿಯ ಮೆಟ್ಟಿಲು ನಿಮ್ಮ ಪಾಲಿಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡದ್ದು ಅತ್ಯಂತ ಕೆಟ್ಟ ಬದುಕು. ಈಗ ನೀವು ಎಷ್ಟನೆಯ ಮೆಟ್ಟಿಲಲ್ಲಿದ್ದೀರಿ? ಜನ ಹೇಳಿದ ಅಂಕಿಗಳ ಮೂರು ವರ್ಷದ ಸರಾಸರಿಯೇ ಪಟ್ಟಿ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಬಳಕೆಗೆ ತಂದ ಏಣಿ ಇದು.

ತಲಾ ಆದಾಯ, ಆರೋಗ್ಯವಂತ ಆಯುಷ್ಯ, ಕಷ್ಟಕ್ಕೆ ಆಗುವವರು, ಬದುಕಿನ ಆಯ್ಕೆಯ ಸ್ವಾತಂತ್ರ್ಯ, ದಾನಬುದ್ಧಿ, ಭ್ರಷ್ಟಾಚಾರ ಎಂಬ ಆರು ಅಂಶಗಳನ್ನು ಕೂಡಿಸಿ ಅಂಕ ಕೊಡುತ್ತಾರೆಂದು ನಮ್ಮ ಪತ್ರಿಕೆಗಳು ಪ್ರತಿ ಮಾರ್ಚಿನಲ್ಲೂ ಬರೆಯುತ್ತವೆ. ಅದು ತಪ್ಪು. ಅಂಕ ಕೊಡುವುದು ಜನರೇ. ಒಂದು ದೇಶದವರು ಏಳೆಂದರೆ ಇನ್ನೊಂದು ದೇಶದವರು ನಾಲ್ಕು ಎನ್ನುವುದೇಕೆ ಎಂದು ಆಮೇಲೆ ವಿವರಿಸುವುದಕ್ಕೆ ಆ ಆರು ಅಂಶಗಳನ್ನು ಬಳಸುತ್ತಾರೆ, ಅಷ್ಟೆ.

ಹಾಗಾದರೆ ನಗುವಿನ ಲೆಕ್ಕ? ಅದನ್ನೂ ಗ್ಯಾಲಪ್‌ನವರು ಬೇರೆಯಾಗಿ ಕೇಳುತ್ತಾರೆ. ನಿನ್ನೆ ಚೆನ್ನಾಗಿ ನಕ್ಕಿರಾ, ದಣಿವಾರಿತೇ, ನಿಮ್ಮನ್ನು ಮರ್ಯಾದೆಯಿಂದ ನಡೆಸಿಕೊಂಡರೇ ಎಂದೆಲ್ಲ. ಆ ಪರೀಕ್ಷೆಯಲ್ಲಿ ಹಲವು ವರ್ಷ ಮೊದಲು ಬಂದದ್ದು ಪರಾಗ್ವೆ. ನಿಮ್ಮ ಮಗ ದೂರುತ್ತಿರುವುದು ಈ ವಿಷಯದಲ್ಲಾದರೆ ಅವನ ಮಾತಿಗೆ ಅಂಕಿಅಂಶದ ಬೆಂಬಲವೂ ಇದೆ. ಏಣಿ ಕೇಳುವುದು ನಿನ್ನೆಯ ನಗುವನ್ನಲ್ಲ, ಒಟ್ಟು ಬದುಕನ್ನು. ಮದುವೆಮನೆಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕವನು ಮನೆಗೆ ಬಂದು ಸಾಲದ ಕಂತು ನೆನೆದು ಎದ್ದು ಕೂರುವುದಿಲ್ಲವೇ? ಹಾಗೆ.

ಏಣಿಯ ಮೇಲೂ ಆಕ್ಷೇಪವಿದೆ, ನನಗಂತೂ ಅದು ಸಣ್ಣದೆನಿಸುವುದಿಲ್ಲ. ಏಣಿ ಎಂದ ಕೂಡಲೇ ಯಾರು ಮೇಲೆ, ಯಾರು ಕೆಳಗೆ ಎಂಬ ಯೋಚನೆ ತಾನಾಗಿ ಬರುತ್ತದೆ. 2024ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನೇ ಪರೀಕ್ಷೆಗೊಡ್ಡಿದರು. ಏಣಿಯ ಚಿತ್ರ ಕೊಟ್ಟಾಗ ಜನ ಹಣ, ಅಧಿಕಾರಗಳನ್ನು ಹೆಚ್ಚು ನೆನೆದರು, ಏಣಿಯನ್ನು ತೆಗೆದು ಕೇಳಿದಾಗ ನಂಟು, ನೆಮ್ಮದಿಗಳತ್ತ ಹೊರಳಿದರು. ಎದುರು ಮನೆಯವರು ಕಾರು ಕೊಂಡರೆ ನಿದ್ದೆಗೆಡುವ ನಮ್ಮಂಥವರು ಏಣಿ ಕಂಡಾಗ ಒಂದು ಮೆಟ್ಟಿಲು ಇಳಿದೇ ಉತ್ತರಿಸಿರಬಹುದು.

ಪಾಕಿಸ್ತಾನದ ಮಾತಿಗೆ ಇಷ್ಟು ಸಾಕು: 2025ರ ವರದಿಯಲ್ಲಿ ಅವರ ಅಂಕ 4.77, ನಮ್ಮದು 4.39. ಅಂತರ ಅರ್ಧ ಮೆಟ್ಟಿಲೂ ಇಲ್ಲ. ನೇಪಾಳ ನಮಗಿಂತ ಮೇಲಿದೆ, ಶ್ರೀಲಂಕಾ, ಬಾಂಗ್ಲಾದೇಶಗಳು ಕೆಳಗಿವೆ. ಇಂಥ ಸಣ್ಣ ಅಂತರಗಳು ವರ್ಷವರ್ಷಕ್ಕೂ ಮೇಲೆ ಕೆಳಗೆ ಆಗುತ್ತಿರುತ್ತವೆ. 2022ರಲ್ಲಿ ನಾವು 136ರಲ್ಲಿದ್ದೆವು. ಅಲ್ಲಿಂದ 118ಕ್ಕೆ ಏರಿದೆವೆಂದು ಪಟಾಕಿ ಹೊಡೆಯುವುದೂ ಬೇಡ, ಪಾಕಿಸ್ತಾನದ ಕೆಳಗಿದ್ದೇವೆಂದು ಹಲ್ಲು ಕಡಿಯುವುದೂ ಬೇಡ. ಆದರೆ ಫಿನ್ಲೆಂಡಿನ ಅಂಕ 7.74. ನಮಗೂ ಅವರಿಗೂ ನಡುವೆ ಮೂರು ಮೆಟ್ಟಿಲಿಗೂ ಹೆಚ್ಚು ಅಂತರ. ಇದು ಸಮೀಕ್ಷೆಯ ಏರುಪೇರಿಗೆ ದಕ್ಕುವ ಅಂತರವಲ್ಲ, ಕಾರಣ ಬೇರೆ ಇರಲೇಬೇಕು.

ಆ ಕಾರಣದ ತುದಿ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಒಂದು ಗಿಡದ ಕೊಂಬೆಯಲ್ಲಿ. ಟಾಂಪೆರೆಯಲ್ಲಿ ಜನವರಿಯ ಒಂದು ಸೋಮವಾರ ಬಸ್ ನಿಲ್ದಾಣದ ಬಳಿ ನನ್ನ ಎಡಗೈ ಗವಸು ಕಳೆಯಿತು. ಹೋದದ್ದು ಹೋಯಿತೆಂದು ಬಿಟ್ಟೆ. ಗುರುವಾರ ಅದೇ ದಾರಿಯಲ್ಲಿ ಬರುವಾಗ ನಿಲ್ದಾಣದ ಪಕ್ಕದ ಗಿಡದಲ್ಲಿ, ಕಣ್ಣಿಗೆ ಕಾಣುವ ಎತ್ತರಕ್ಕೆ, ಕೊಂಬೆಯೊಂದಕ್ಕೆ ಬೆರಳು ಮೇಲೆ ಮಾಡಿ ಸಿಕ್ಕಿಸಿದ ಗವಸು ನನ್ನನ್ನೇ ಕರೆಯುತ್ತಿದೆಯೋ ಎಂಬಂತೆ ನಿಂತಿತ್ತು. ಮೇಲೆ ಹಿಮದ ಟೋಪಿ. ಯಾರೋ ಎತ್ತಿ, ಕೊಡವಿ, ಸಿಕ್ಕಿಸಿ ಹೋಗಿದ್ದರು. ಆಮೇಲೆ ನೋಡಿದರೆ ಊರಿನ ಬೇಲಿ, ಕಂಬ, ಕೊಂಬೆಗಳಲ್ಲೆಲ್ಲ ಹೀಗೆ ಒಡೆಯರಿಗಾಗಿ ಕಾಯುವ ಗವಸುಗಳು, ಮಕ್ಕಳ ಟೋಪಿಗಳು. ನನ್ನ ಮುಖ ನೋಡಿ ನಗದ ಊರು ನನ್ನ ಗವಸನ್ನು ಎತ್ತಿಟ್ಟಿತ್ತು.

ಇದು ನನ್ನೊಬ್ಬನ ಅನುಭವವಾಗಿದ್ದರೆ ಬರೆಯುತ್ತಿರಲಿಲ್ಲ. 2013ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯವರು ಹದಿನಾರು ನಗರಗಳಲ್ಲಿ ಹನ್ನೆರಡು ಹನ್ನೆರಡು ಪರ್ಸುಗಳನ್ನು ಬೇಕೆಂದೇ ಬೀಳಿಸಿ ನೋಡಿದರು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಹನ್ನೊಂದು ಮರಳಿ ಬಂದವು. ಎರಡನೆಯ ಸ್ಥಾನ ಯಾರದ್ದೆಂದು ಊಹಿಸಿ. ಮುಂಬೈ! ಅಲ್ಲಿ ಹನ್ನೆರಡರಲ್ಲಿ ಒಂಬತ್ತು ಬಂದವು. ಆರು ವರ್ಷದ ಬಳಿಕ ನಲವತ್ತು ದೇಶಗಳಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಪರ್ಸುಗಳೊಂದಿಗೆ ನಡೆಸಿದ ಇನ್ನೂ ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಒಳಗೆ ಹಣವಿದ್ದ ಪರ್ಸುಗಳೇ ಖಾಲಿ ಪರ್ಸುಗಳಿಗಿಂತ ಹೆಚ್ಚಾಗಿ ಮರಳಿದವು. 2025ರ ಸಂತೋಷ ವರದಿ ಇದೇ ಎಳೆ ಹಿಡಿದು ಹೇಳುವುದೇನೆಂದರೆ, ಜನ ನಿರೀಕ್ಷಿಸುವುದಕ್ಕಿಂತ ಸುಮಾರು ಎರಡರಷ್ಟು ಪರ್ಸುಗಳು ವಾಪಸಾಗುತ್ತವೆ, ಮತ್ತು ವಾಪಸು ಬರುತ್ತದೆಂದು ನಂಬುವವರು ಏಣಿಯಲ್ಲಿ ಮೇಲಿರುತ್ತಾರೆ. ಕಳ್ಳರ ಸಂಖ್ಯೆಗಿಂತ ಕಳ್ಳರ ಭಯ ದೊಡ್ಡದು, ಬದುಕನ್ನು ಕಿರಿದುಮಾಡುವುದೂ ಆ ಭಯವೇ.

ಫಿನ್ಲೆಂಡ್ ಚಿಕ್ಕ ದೇಶ, ಬೆಂಗಳೂರಿಗಿಂತ ಕಡಿಮೆ ಜನ, ಅಲ್ಲಿ ಎಲ್ಲವೂ ಸುಲಭ ಎನ್ನುವವರಿದ್ದಾರೆ. ಅವರನ್ನು ನಾನು ಲೆಬನಾನಿಗೆ ಕರೆದೊಯ್ಯುತ್ತೇನೆ. ಅಲ್ಲಿಯೂ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ, ಐವತ್ತೈದು ಅರವತ್ತು ಲಕ್ಷ. ಹೊಳೆಯುವ ಬಿಸಿಲು, ಮೆಡಿಟರೇನಿಯನ್ ಕಡಲು, ಹೊಗಳಿ ಮುಗಿಯದ ಊಟ, ಮನೆತುಂಬ ನೆಂಟರು, ಮಾತು, ಹಾಡು. ನಿಮ್ಮ ಮಗ ಎಸ್ಪೋದಲ್ಲಿ ಯಾವುದಿಲ್ಲವೆಂದು ಕೊರಗುತ್ತಾನೋ ಅದೆಲ್ಲ ಅಲ್ಲಿನ ರಾಜಧಾನಿ ಬೈರೂತ್‌ನಲ್ಲಿದೆ. 2025ರ 147 ದೇಶಗಳ ಪಟ್ಟಿಯಲ್ಲಿ ಲೆಬನಾನಿನ ಸ್ಥಾನ 145.

ಇಸ್ರೇಲ್ ಜೊತೆಗಿನ 2024ರ ಯುದ್ಧ ಒಂದು ಕಾರಣ, ನಿಜ. ಆದರೆ ಕುಸಿತ ಅದಕ್ಕೂ ಮೊದಲಿನದು. 2019ರ ಶರತ್ಕಾಲದಲ್ಲಿ ಅಲ್ಲಿನ ಬ್ಯಾಂಕುಗಳು ಜನರ ಠೇವಣಿಯನ್ನು ಹಿಡಿದಿಟ್ಟುಕೊಂಡವು. ಡಾಲರಿಗೆ ಸುಮಾರು 1,500ರಂತೆ ಎರಡು ದಶಕ ಅಲುಗಾಡದೆ ನಿಂತಿದ್ದ ನಾಣ್ಯ, ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಹೆಚ್ಚು ಬೆಲೆ ಕಳೆದುಕೊಂಡಿತು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ವರ್ಷಗಟ್ಟಲೆ ಯಾರೂ ಹೇಳಕೇಳದೆ ಬಿದ್ದಿದ್ದ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2022ರ ಸೆಪ್ಟೆಂಬರಿನಲ್ಲಿ ಯುವತಿಯೊಬ್ಬಳು ಆಟಿಕೆ ಪಿಸ್ತೂಲು ಹಿಡಿದು ಬೈರೂತ್‌ನ ಬ್ಯಾಂಕಿಗೆ ನುಗ್ಗಿ ಹದಿಮೂರು ಸಾವಿರ ಡಾಲರ್ ತೆಗೆದುಕೊಂಡು ಹೋದಳು. ಅದು ಅವಳದೇ ಕುಟುಂಬದ ಖಾತೆಯ ದುಡ್ಡು, ತಂಗಿಯ ಕ್ಯಾನ್ಸರ್ ಚಿಕಿತ್ಸೆಗೆ ಬೇಕಾಗಿತ್ತು. ಊರೇ ಅವಳ ಪರ ನಿಂತಿತು.

ಆ ದೇಶದಲ್ಲಿ ಕೆಲಸ, ಆಸ್ಪತ್ರೆಯ ಹಾಸಿಗೆ, ಶಾಲೆಯ ಸೀಟು ಎಲ್ಲದಕ್ಕೂ ತಂತಮ್ಮ ಪಂಗಡದ ಮುಖಂಡನ ಕೃಪೆ ಬೇಕು. ಅಧ್ಯಕ್ಷ ಒಂದು ಪಂಗಡದವನು, ಪ್ರಧಾನಿ ಇನ್ನೊಂದರವನು, ಸಂಸತ್ತಿನ ಸಭಾಪತಿ ಮತ್ತೊಂದರವನು ಎಂದು ಮೇಲಿನಿಂದಲೇ ಪಾಲಾಗಿದೆ. ಈ ಪರಿಚಯದ ಬಲಕ್ಕೆ ಅಲ್ಲಿ 'ವಾಸ್ತಾ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ವಶೀಲಿ. (ವಶೀಲಿಯೂ ಅರಬ್ಬಿಯಿಂದಲೇ ಬಂದ ಪದ, ಆದರೆ ಧಾತು ಬೇರೆ. ಮೇಷ್ಟರಿಗೆ ಪದದ ಗುಟ್ಟು ಹೇಳದೆ ಮುಂದೆ ಹೋಗಬಾರದೆಂದು ಇಷ್ಟು.)

ಇಷ್ಟು ವರ್ಷ ಈ ವಿಷಯ ಓದಿ, ಕಲಿಸಿ ನನಗೆ ಉಳಿದಿರುವ ಅಭಿಪ್ರಾಯ ಇದು: ವಶೀಲಿ ಇಲ್ಲದೆಯೂ ಬದುಕು ನಡೆಯುತ್ತದೆ ಎಂಬ ಭರವಸೆ ಎಲ್ಲಿದೆಯೋ ಅಲ್ಲಿಯ ಜನ ಏಣಿಯಲ್ಲಿ ಮೇಲೆ ನಿಂತಿದ್ದೇವೆ ಎನ್ನುತ್ತಾರೆ.

ವಶೀಲಿಯನ್ನು ಬಯ್ಯುವ ಹಕ್ಕು ನನಗೂ ಪೂರ್ತಿ ಇಲ್ಲ. ಹಲವು ವರ್ಷಗಳ ಹಿಂದೆ ಒಂದು ರಾತ್ರಿ ತಂದೆಯವರಿಗೆ ಎದೆನೋವು ಬಂತು. ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಹೊರಟಾಗ ನಾನು ಮೊದಲು ಫೋನ್ ಮಾಡಿದ್ದು ಡಾಕ್ಟರಿಗಲ್ಲ, ಚಿಕ್ಕಪ್ಪನ ಮಗನಿಗೆ. ಅವನ ಷಡ್ಡಕ ಆ ಆಸ್ಪತ್ರೆಯ ಲ್ಯಾಬಿನಲ್ಲಿದ್ದ. ನಾವು ತಲುಪುವಷ್ಟರಲ್ಲಿ ಸ್ಟ್ರೆಚರ್ ಬಾಗಿಲಿಗೆ ಬಂದಿತ್ತು, ಅರ್ಧ ಗಂಟೆಯಲ್ಲಿ ಹಾಸಿಗೆಯೂ ಸಿಕ್ಕಿತು. ಹೊರಗೆ ಬೆಂಚಿನ ಮೇಲೆ ನಮ್ಮ ತಂದೆಯ ವಯಸ್ಸಿನವರೇ ಒಬ್ಬರು, ನಮಗಿಂತ ಮೊದಲೇ ಮಾಡಿಸಿದ ಚೀಟಿಯನ್ನು ಮಡಚಿ ಮಡಚಿ ಕೈಯಲ್ಲಿ ಹಿಡಿದು ಕೂತಿದ್ದರು. ಅವರ ಕಡೆಯವರಿಗೆ ಷಡ್ಡಕನಿರಲಿಲ್ಲ. ತಂದೆಯವರು ಉಳಿದರು. ಬೆಂಚಿನ ಮೇಲಿದ್ದವರು ಏನಾದರೆಂದು ನಾನು ವಿಚಾರಿಸಲೂ ಇಲ್ಲ. ಆ ರಾತ್ರಿ ನನ್ನನ್ನು ಯಾರಾದರೂ ಏಣಿಯ ಪ್ರಶ್ನೆ ಕೇಳಿದ್ದರೆ, ಹಾಸಿಗೆ ಸಿಕ್ಕ ಸಮಾಧಾನದಲ್ಲೂ ಆರು ಎನ್ನುತ್ತಿರಲಿಲ್ಲ. ಷಡ್ಡಕನಿಗೆ ವರ್ಗವಾದರೆ ಮುಂದಿನ ಸಲ ಏನು ಗತಿ ಎಂಬ ಚಿಂತೆ ಆಗಲೇ ಶುರುವಾಗಿತ್ತು.

ಇದರ ಎದುರಿಗೆ ಫಿನ್ಲೆಂಡಿನ ಒಂದು ರಟ್ಟಿನ ಪೆಟ್ಟಿಗೆಯನ್ನು ಇಡುತ್ತೇನೆ. 1930ರ ದಶಕದಲ್ಲಿ ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು ಅರವತ್ತೈದು ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1938ರಲ್ಲಿ ಬಡ ತಾಯಂದಿರಿಗೆಂದು ಸರ್ಕಾರ ಬಾಣಂತಿ ಪೆಟ್ಟಿಗೆ ಕೊಡತೊಡಗಿತು. 1949ರಲ್ಲಿ ಬಡವರು, ಬಲ್ಲಿದರು ಎಂಬ ಭೇದ ತೆಗೆದು ಎಲ್ಲರಿಗೂ ಎಂದಿತು. ಒಳಗೆ ಕೂಸಿನ ಅಂಗಿ, ಟೋಪಿ, ಹೊದಿಕೆ, ಥರ್ಮಾಮೀಟರ್, ಉಗುರು ಕತ್ತರಿ. ತಳದಲ್ಲಿ ಪುಟ್ಟ ಹಾಸಿಗೆ. ಸಾಮಾನು ತೆಗೆದರೆ ಪೆಟ್ಟಿಗೆಯೇ ಕೂಸಿನ ಮೊದಲ ತೊಟ್ಟಿಲು. ಷರತ್ತು ಒಂದೇ: ಬಸಿರಿನ ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ತಾಯಿ ತಪಾಸಣೆ ಮಾಡಿಸಿರಬೇಕು. ಪೆಟ್ಟಿಗೆಯ ಆಸೆಗೆ ಬಂದವರು ನರ್ಸಿನ ಕೈಗೆ ಸಿಕ್ಕರು, ಮಕ್ಕಳು ಉಳಿದವು. ಇಂದು ಅಲ್ಲಿ ಶಿಶುಮರಣ ಸಾವಿರಕ್ಕೆ ಸುಮಾರು ಎರಡು.

ನನ್ನನ್ನು ತಟ್ಟಿದ್ದು ಆ 1949ರ ತಿದ್ದುಪಡಿ. ಮಂತ್ರಿಯ ಸೊಸೆಗೂ ಕಸ ಗುಡಿಸುವವರ ಮಗಳಿಗೂ ಒಂದೇ ಪೆಟ್ಟಿಗೆ. ಬಡವರೆಂದು ರುಜುವಾತು ಮಾಡುವ ಕಾಗದವಿಲ್ಲ, ಕಾಗದಕ್ಕಾಗಿ ಕೈಬಿಸಿ ಮಾಡುವ ಗುಮಾಸ್ತನಿಲ್ಲ, ಪಡೆದವರಿಗೆ ಕೀಳರಿಮೆಯಿಲ್ಲ, ಪಡೆಯದವರಿಗೆ ಹೊಟ್ಟೆಯುರಿಯಿಲ್ಲ. ಶಾಲೆಯ ಬಿಸಿಯೂಟವೂ ಹಾಗೆಯೇ, 1948ರಿಂದ ಎಲ್ಲ ಮಕ್ಕಳಿಗೂ. ಬಿಪಿಎಲ್ ಕಾರ್ಡಿಗಾಗಿ ಪೋಷಕರು ಅಲೆದದ್ದನ್ನು ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂತು ನೋಡಿದ ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡುವಾಗ ಹೇಗೋ ದಂಡಿಸುವಾಗಲೂ ಹಾಗೆ. ಅತಿವೇಗದ ಚಾಲನೆಗೆ ಅಲ್ಲಿ ದಂಡ ಬೀಳುವುದು ಆದಾಯ ನೋಡಿ. 2023ರಲ್ಲಿ ಫಿನ್ಲೆಂಡಿಗೆ ಸೇರಿದ ಒಲಾಂಡ್ ದ್ವೀಪಗಳಲ್ಲಿ ಶ್ರೀಮಂತ ಉದ್ಯಮಿಯೊಬ್ಬರು ಗಂಟೆಗೆ 50 ಕಿಲೋಮೀಟರಿನ ಮಿತಿಯಿದ್ದ ಜಾಗದಲ್ಲಿ 82ರ ವೇಗದಲ್ಲಿ ಹೋಗಿ 1,21,000 ಯೂರೊ ದಂಡ ತೆತ್ತರು. ನಮ್ಮ ಲೆಕ್ಕದಲ್ಲಿ ಕೋಟಿ ರೂಪಾಯಿಗೂ ಮೇಲೆ. ಪ್ರತಿ ನವೆಂಬರಿನಲ್ಲಿ ಯಾರ ಆದಾಯವೆಷ್ಟು, ತೆರಿಗೆಯೆಷ್ಟು ಎಂಬ ಮಾಹಿತಿ ಹೊರಬೀಳುತ್ತದೆ, ಪತ್ರಿಕೆಗಳು ದೊಡ್ಡ ಕುಳಗಳ ಪಟ್ಟಿ ಹಾಕುತ್ತವೆ. ಆ ದಿನಕ್ಕೆ ಜನ ಇಟ್ಟಿರುವ ಹೆಸರು 'ಅಸೂಯೆಯ ದಿನ'. ಅಸೂಯೆ ಅಲ್ಲೂ ಇದೆ ಮೇಷ್ಟ್ರೇ, ಆದರೆ ಅದಕ್ಕೆ ವರ್ಷದಲ್ಲೊಂದು ದಿನ ಗೊತ್ತುಮಾಡಿಬಿಟ್ಟಿದ್ದಾರೆ.

ಇದೆಲ್ಲ ಅವರ ರಕ್ತದಲ್ಲೇ ಇದೆ ಎಂದು ಯಾರಾದರೂ ಅಂದರೆ ನಂಬಬೇಡಿ. 1866ರಿಂದ 1868ರವರೆಗಿನ ಬರಗಾಲದಲ್ಲಿ ಅಲ್ಲಿ ಹನ್ನೆರಡರಲ್ಲೊಬ್ಬರು ಸತ್ತರು, ಜನ ಮರದ ತೊಗಟೆಯನ್ನು ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಿದರು. ಸ್ವಾತಂತ್ರ್ಯ ಬಂದದ್ದು 1917ರಲ್ಲಿ. ಮರುವರ್ಷವೇ ಕೆಂಪು ಪಡೆ, ಬಿಳಿ ಪಡೆಗಳೆಂದು ಒಡೆದು ತಮ್ಮತಮ್ಮಲ್ಲೇ ಕೊಂದುಕೊಂಡರು. ನಾನು ಗವಸು ಕಳೆದುಕೊಂಡ ಟಾಂಪೆರೆಯಲ್ಲೇ ಆ ಅಂತರ್ಯುದ್ಧದ ಅತ್ಯಂತ ಘೋರ ಕಾಳಗ ನಡೆದದ್ದು. ಅಂದು ಅಲ್ಲಿ ಪರ್ಸು ಬೀಳಿಸಿ ನೋಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಆಮೇಲೆ ಎರಡನೆಯ ಮಹಾಯುದ್ಧ. ಸೋವಿಯತ್ ಒಕ್ಕೂಟಕ್ಕೆ ಕರೇಲಿಯಾ ಸೀಮೆಯನ್ನು ಬಿಟ್ಟುಕೊಡಬೇಕಾಗಿ ಬಂದು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ದೇಶದ ಹತ್ತರಲ್ಲೊಬ್ಬರಿಗಿಂತ ಹೆಚ್ಚು ಮಂದಿ ನಿರಾಶ್ರಿತರು. 1945ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಸರ್ಕಾರ, ಚರ್ಚು, ಕಂಪನಿಗಳು ಮತ್ತು ದೊಡ್ಡ ಹಿಡುವಳಿದಾರರಿಂದ ಜಮೀನು ಬಿಡಿಸಿ ಅವರಿಗೆ ಹಂಚಿದರು. ಜಮೀನು ಕಳೆದುಕೊಂಡವರಿಗೆ ಸಿಟ್ಟು ಬರಲಿಲ್ಲವೆಂದಲ್ಲ, ಆದರೆ ಶಿಬಿರಗಳಲ್ಲಿ ಕೊಳೆಯುವ ಒಂದು ಪೀಳಿಗೆ ಹುಟ್ಟಲಿಲ್ಲ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಹಾಕಿ ಗೇಣಿ ಜಮೀನಿಗೆ ಒಡೆಯರಾದ ಮನೆಗಳು ನಿಮ್ಮ ಸಾಗರದ ಸುತ್ತ ಎಷ್ಟಿಲ್ಲ? ಆ ಮನೆಗಳ ಅಜ್ಜಂದಿರನ್ನು 1970ರಲ್ಲೊಮ್ಮೆ, 1980ರಲ್ಲೊಮ್ಮೆ ಏಣಿಯ ಪ್ರಶ್ನೆ ಕೇಳಿದ್ದರೆ ಉತ್ತರ ಎಷ್ಟು ಬದಲಾಗಿರುತ್ತಿತ್ತೆಂದು ನಾನು ಆಗಾಗ ಯೋಚಿಸುತ್ತೇನೆ.

ಇನ್ನೊಂದು ವಿಷಯ ಹೇಳದೆ ಹೋದರೆ ಚಿತ್ರ ಅರ್ಧವಾಗುತ್ತದೆ. ಫಿನ್ಲೆಂಡ್ ಆತ್ಮಹತ್ಯೆಗೆ ಕುಖ್ಯಾತವಾಗಿತ್ತು. 1990ರಲ್ಲಿ ಲಕ್ಷಕ್ಕೆ ಮೂವತ್ತರಷ್ಟು. ಆ ಹೊತ್ತಿಗಾಗಲೇ ಸರ್ಕಾರ ಒಂದು ಕಷ್ಟದ ಕೆಲಸಕ್ಕೆ ಕೈ ಹಾಕಿತ್ತು. 1987ರ ಏಪ್ರಿಲಿನಿಂದ ಒಂದು ವರ್ಷ ದೇಶದಲ್ಲಿ ನಡೆದ ಪ್ರತಿಯೊಂದು ಆತ್ಮಹತ್ಯೆಯನ್ನೂ, ಸುಮಾರು ಸಾವಿರದ ನಾನೂರು ಸಾವುಗಳನ್ನು, ಮನೆಯವರನ್ನೂ ವೈದ್ಯರನ್ನೂ ಮಾತನಾಡಿಸಿ ಒಂದೊಂದಾಗಿ ಅಧ್ಯಯನ ಮಾಡಿದರು. ಖಿನ್ನತೆಗೆ ಸರಿಯಾದ ಚಿಕಿತ್ಸೆ ಸಿಗದವರೇ ಬಹಳ ಎಂದು ಗೊತ್ತಾಯಿತು. ಅದರ ಮೇಲೆ ದೇಶವ್ಯಾಪಿ ಕಾರ್ಯಕ್ರಮ ಕಟ್ಟಿದರು. ಇಂದು ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿದಿದೆ. ಆದರೂ ಯುರೋಪಿನ ಹಲವು ದೇಶಗಳಿಗಿಂತ ಹೆಚ್ಚು. ಕುಡಿತವಿದೆ, ಒಂಟಿತನವಿದೆ, ಈಚೆಗೆ ನಿರುದ್ಯೋಗ ಯುರೋಪಿನಲ್ಲೇ ಹೆಚ್ಚಿನ ಮಟ್ಟಕ್ಕೇರಿದೆ. ಮೊದಲ ಸ್ಥಾನದ ಸುದ್ದಿ ಬಂದಾಗಲೆಲ್ಲ ಫಿನ್ನರೇ ಭುಜ ಕುಣಿಸಿ ನಗುತ್ತಾರೆ. ಅದೊಂದು ದಿನ ಅವರು ನಗುವುದನ್ನು ಕಾಣಬಹುದು.

ನಿಮ್ಮ ಮಗನಿಗೆ ನೇರವಾಗಿ ತಾಗುವ ಸಂಗತಿಯೊಂದು 2018ರ ವರದಿಯಲ್ಲಿದೆ. ಅಂದು ವಲಸಿಗರನ್ನೇ ಬೇರೆಯಾಗಿ ಲೆಕ್ಕ ಹಾಕಿದ್ದರು. ಯಾವ ದೇಶದ ಸ್ಥಳೀಯರು ಸುಖಿಗಳೋ ಆ ದೇಶದ ವಲಸಿಗರೂ ಹೆಚ್ಚುಕಡಿಮೆ ಅಷ್ಟೇ ಸುಖಿಗಳೆಂದು ಕಂಡುಬಂತು. ಎರಡೂ ಪಟ್ಟಿಗಳಲ್ಲಿ ಫಿನ್ಲೆಂಡೇ ಮೊದಲು. ಬೇರೆ ನೆಲದಿಂದ ಹೋದವರ ಉತ್ತರ ಕೆಲವೇ ವರ್ಷಗಳಲ್ಲಿ ಮೇಲೇರುತ್ತದೆಯಾದರೆ ಸುಖ ವಂಶವಾಹಿನಿಯಲ್ಲಿಲ್ಲ, ಸೌನಾ ಎಂಬ ಅಲ್ಲಿನ ಹಬೆಸ್ನಾನದ ಬಿಸಿಯಲ್ಲೂ ಇಲ್ಲ, ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆಗಳಲ್ಲಿದೆ. ಎಲ್ಲ ಸಲೀಸು ಎನ್ನುತ್ತಿಲ್ಲ. ವಿದೇಶಿ ಹೆಸರಿನ ಅರ್ಜಿಗೆ ಸಂದರ್ಶನದ ಕರೆ ಕಡಿಮೆ ಬರುತ್ತದೆಂದು ಅಲ್ಲಿನ ಅಧ್ಯಯನಗಳೇ ತೋರಿಸಿವೆ. ನಿಮ್ಮ ಮಗನಿಗೆ ಏಣಿಯ ಪ್ರಶ್ನೆಯನ್ನೇ ಕೇಳಿ ನೋಡಿ. ಪಕ್ಕದ ಮನೆಯವರನ್ನು ಬಯ್ಯುತ್ತಲೇ ಏಳು ಎಂದರೆ ಆಶ್ಚರ್ಯಪಡಬೇಡಿ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಬಡ ದೇಶ ಈ ಪಟ್ಟಿಯ ತುದಿಗೆ ಬರುವುದಿಲ್ಲ, ಆದರೆ ದುಡ್ಡು ಒಂದು ಮಟ್ಟದವರೆಗೆ ಏರಿಸಿ ಕೈ ಬಿಡುತ್ತದೆ. ತಲಾ ಆದಾಯದಲ್ಲಿ ಫಿನ್ಲೆಂಡಿಗಿಂತ ಬಹಳ ಮುಂದಿರುವ ಅಮೆರಿಕ 2012ರಲ್ಲಿ 11ನೆಯ ಸ್ಥಾನದಲ್ಲಿದ್ದದ್ದು 2025ರಲ್ಲಿ 24ಕ್ಕೆ ಇಳಿದಿದೆ. ಹಿಂದಿನ ದಿನದ ಅಷ್ಟೂ ಊಟಗಳನ್ನು ಒಬ್ಬರೇ ಕೂತು ಉಂಡವರು ಅಲ್ಲಿ ಈಗ ನಾಲ್ಕರಲ್ಲೊಬ್ಬರು.

ಊಟದ ಮಾತು ಬಂತಲ್ಲ, ಹಾಗಾದರೆ ನೆಂಟರಿಷ್ಟರಿಗೆ ಬೆಲೆಯೇ ಇಲ್ಲವೇ ಎನ್ನುತ್ತೀರಿ. ಇದೆ, ಅದಕ್ಕೆ ಸಾಕ್ಷಿ ಕೋಸ್ಟಾರಿಕಾ ಮತ್ತು ಮೆಕ್ಸಿಕೊ. 2025ರಲ್ಲಿ ಇವು 6 ಮತ್ತು 10ನೆಯ ಸ್ಥಾನಕ್ಕೆ ಬಂದವು. ಇವು ಶ್ರೀಮಂತ ದೇಶಗಳಲ್ಲ, ಮೆಕ್ಸಿಕೊದಲ್ಲಂತೂ ಹಿಂಸೆ, ಭ್ರಷ್ಟಾಚಾರ ಎರಡೂ ಧಾರಾಳ. ನಾಲ್ಕೈದು ಜನರಿರುವ ಮನೆಗಳು, ಒಟ್ಟಿಗೆ ಕೂತ ಊಟ ಅವರನ್ನು ಎತ್ತಿಹಿಡಿದಿವೆ ಎಂದು ವರದಿ ಹೇಳುತ್ತದೆ. ಆದರೆ ಕೋಸ್ಟಾರಿಕಾದ ಗುಟ್ಟು ಊಟದ ಮೇಜಿನಷ್ಟೇ ಬಜೆಟ್ಟಿನಲ್ಲೂ ಇದೆ. 1948ರ ಅಂತರ್ಯುದ್ಧ ಮುಗಿದ ಕೂಡಲೇ ಅವರು ಸೈನ್ಯವನ್ನೇ ವಿಸರ್ಜಿಸಿದರು. ಆ ದುಡ್ಡು ಶಾಲೆ, ಆರೋಗ್ಯಗಳಿಗೆ ಹೋಯಿತು. 1990ರ ದಶಕದಿಂದ ಊರೂರಿಗೂ ಒಬ್ಬ ವೈದ್ಯ, ನರ್ಸು, ಮನೆಮನೆಗೆ ಹೋಗುವ ಆರೋಗ್ಯ ಸಹಾಯಕರ ತಂಡ ಬಂತು. ಅಮೆರಿಕಕ್ಕಿಂತ ಎಷ್ಟೋ ಪಾಲು ಕಡಿಮೆ ಆದಾಯದಲ್ಲಿ ಅಮೆರಿಕದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ಈಗ ನಮ್ಮ ಮನೆಗೆ ಬರೋಣ. ಸ್ವಾತಂತ್ರ್ಯದ ಪ್ರಶ್ನೆಗೆ ಭಾರತೀಯರ ಉತ್ತರ ಚೆನ್ನಾಗಿಯೇ ಇದೆ. ಬದುಕಿನಲ್ಲಿ ಏನು ಮಾಡಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯದ ಬಗ್ಗೆ ಬಹುಪಾಲು ಜನ ತೃಪ್ತರು. ನಾವು ಜಾರುವುದು ಎಲ್ಲಿ ಗೊತ್ತೇ? 'ಕಷ್ಟಕ್ಕೆ ಸಿಲುಕಿದಾಗ ನೆಚ್ಚಿಕೊಳ್ಳಬಹುದಾದ ನೆಂಟರೋ ಸ್ನೇಹಿತರೋ ನಿಮಗಿದ್ದಾರೆಯೇ?' ಎಂಬ ಪ್ರಶ್ನೆಯಲ್ಲಿ. ನೆಂಟರ ದೇಶವೆಂದು ಎದೆ ತಟ್ಟಿಕೊಳ್ಳುವ ನಮ್ಮಲ್ಲಿ 'ಇದ್ದಾರೆ' ಎಂದವರ ಪ್ರಮಾಣ, ಫಿನ್ಲೆಂಡ್, ಸ್ವೀಡನ್ನಿನಂಥ ನಗದ ನಾರ್ಡಿಕ್ ದೇಶಗಳಿಗಿಂತ ಬಹಳ ಕಡಿಮೆ. ನನಗೆ ಇದು ಮೊದಲು ಅರಗಲಿಲ್ಲ. ಈಗ ಅನಿಸುವುದು ಇಷ್ಟು: ನಾವು ನೆಂಟರ ಮೇಲೆ ಹೊರಿಸುವ ಭಾರ ಅತಿಯಾಯಿತು. ಮದುವೆ ಸಾಲ, ಆಸ್ಪತ್ರೆ ಬಿಲ್ಲು, ಮಗನ ಫೀಸು, ಠಾಣೆಯ ತಂಟೆ ಎಲ್ಲವೂ ಅವರ ತಲೆಗೆ. 2021-22ರಲ್ಲೂ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 39ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕಟ್ಟಿದರು. ಹಬ್ಬಕ್ಕೆ ಇಪ್ಪತ್ತು ಎಲೆ ಹಾಕಿಸುವವನೂ ಎರಡು ಲಕ್ಷ ಬೇಕಾದಾಗ ಯಾರ ಮನೆ ಬಾಗಿಲು ತಟ್ಟಲಿ ಎಂದು ಎಣಿಸಿದರೆ ಬೆರಳು ಬೇಗ ಮುಗಿಯುತ್ತವೆ. ನಿಮ್ಮ ಬದುಕು ದುಃಖದ್ದೆಂದು ಆ ಪಟ್ಟಿ ಹೇಳುತ್ತಿಲ್ಲ, ನಾಳೆಯ ಬಗ್ಗೆ ಅಳುಕಿದೆ ಎನ್ನುತ್ತಿದೆ. ಅಷ್ಟನ್ನು ನಾನು ಒಪ್ಪುತ್ತೇನೆ.

ಭೂತಾನಿನ ಹೆಸರೆತ್ತಲಿಲ್ಲವೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಟ್ಟು ರಾಷ್ಟ್ರೀಯ ಸಂತೋಷ ಎಂಬ ಮಾತನ್ನು ಜಗತ್ತಿಗೆ ಕೊಟ್ಟ ದೇಶ ಅದು. 2019ರ ಪಟ್ಟಿಯಲ್ಲಿ ಅದರ ಸ್ಥಾನ 95, ಆಮೇಲಿನ ಪಟ್ಟಿಗಳಲ್ಲಿ ಅದು ಕಾಣಿಸಿಲ್ಲ. 1990ರ ದಶಕದ ಆರಂಭದಲ್ಲಿ ನೇಪಾಳಿ ಮಾತಿನ ಲಕ್ಷದಷ್ಟು ಜನ ಅಲ್ಲಿಂದ ಹೊರದೂಡಲ್ಪಟ್ಟು ನಿರಾಶ್ರಿತರಾದದ್ದನ್ನು ನೆನೆದಾಗ ಕರೇಲಿಯಾದವರಿಗೆ ಜಮೀನು ಹಂಚಿದ ದೇಶವೇ ನನಗೆ ಮೆಚ್ಚು.

ಕೊನೆಗೆ ನಿಮ್ಮ ಪ್ರಯಾಣ. ಏಪ್ರಿಲ್ ಕೊನೆಯ ವಾರಕ್ಕೆ ಅಲ್ಲಿರುವಂತೆ ಹೊರಡಿ. ಮೇ 1ರ ವಾಪ್ಪು ಹಬ್ಬದಲ್ಲಿ ಫಿನ್ನರು ಬಿಳಿ ಟೋಪಿ ಹಾಕಿಕೊಂಡು ಬೀದಿಯಲ್ಲಿ ನಗುತ್ತಾರೆ, ಹಾಡುತ್ತಾರೆ. ಆ ದಿನ ಕರಿಯುವ ತಿಪ್ಪಲೇಯ್ಪಾ ಎಂಬ ತಿಂಡಿ ಪಾಕದಲ್ಲಿ ಅದ್ದಲು ಮರೆತ ಜಿಲೇಬಿಯಂತಿರುತ್ತದೆ. ಅದೇ ಹೊತ್ತಿಗೆ ಅಪಾರ್ಟ್‌ಮೆಂಟುಗಳಲ್ಲಿ 'ತಲ್ಕೋತ್' ನಡೆಯುತ್ತದೆ. ನಮ್ಮ ಮಲೆನಾಡಿನ ಮುಯ್ಯಾಳಿನ ಹತ್ತಿರದ ಬಂಧು ಅದು. ಹಿಮ ಕರಗಿದ ಮೇಲೆ ಅಂಗಳದ ಕೊಳೆತ ಎಲೆ ಬಾಚಲು ಎಲ್ಲ ಮನೆಗಳವರೂ ಇಳಿಯುತ್ತಾರೆ. ಕೂಲಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಕೆಲಸ ಮುಗಿದ ಮೇಲೆ ಸಾಸೇಜ್ ಸುಡುತ್ತಾರೆ, ಬೇಡದವರಿಗೆ ಕಾಫಿ, ಬನ್ನು. ಕಾಫಿ ಕುಡಿಯುವುದರಲ್ಲಿ ಅವರು ನಮ್ಮನ್ನೂ ಮೀರಿಸಿದವರು, ಆದರೆ ಡಿಕಾಕ್ಷನ್ ನೀರು ನೀರು. ಪುಡಿ ಊರಿನಿಂದಲೇ ಒಯ್ಯಿರಿ. ಎಲೆ ಬಾಚುವ ಕೋಲನ್ನು ಯಾರಾದರೂ ನಿಮ್ಮ ಕೈಗೆ ಕೊಟ್ಟರೆ ಬೇಡವೆನ್ನಬೇಡಿ. ಅಂದ ಹಾಗೆ, ಪಕ್ಕದ ಮನೆಯವರ ಹೆಸರು ಅವರ ಬಾಗಿಲಲ್ಲಿ, ಕಾಗದ ಹಾಕುವ ಕಿಂಡಿಯ ಮೇಲೆಯೇ ಬರೆದಿರುತ್ತದೆ. ಓದಲು ಮಗನಿಗೆ ಹೇಳಿ.